ಹೊರಗ ಕೂಡಿದರ ಒಳಗ ಗುಣಾಕಾರ

ಸಂಕ್ರಮಣದ ಜಾತ್ರೆ ಮುಗಿದು ಬೆಂಡು-ಬತ್ತಾಸಿನ ಅಂಗಡಿಯವರು ಗಂಟುಮೂಟೆ ಕಟ್ಟಿದರೆಂದರೆ ಸಿದ್ಧೇಶ್ವರ ಗುಡಿಯ ಸುತ್ತಲಿನ ಓಣಿಗಳಲ್ಲಿ ಪರೀಕ್ಷೆಯ ಮಾತು ಸುರು ಆಯಿತು ಅಂತಲೇ ಲೆಕ್ಕ. ಮೊನ್ನೆ ಮೊನ್ನೆತನಕ ನಂದಿಧ್ವಜದ ಮೆರವಣಿಗೆ ನೋಡಲು ಓಡುತ್ತಿದ್ದ ಹುಡುಗರ ಕೈಯಲ್ಲಿ ಈಗ ಕ್ಲಾರ್ಕ್ ಟೇಬಲ್. ಪಿಯುಸಿ ಪರೀಕ್ಷೆಯ ಕೋಣೆಯೊಳಗೆ ಕ್ಯಾಲ್ಕುಲೇಟರ್ ಒಯ್ಯುವ ಹಾಗಿಲ್ಲ. ರಸಾಯನಶಾಸ್ತ್ರದ ಲೆಕ್ಕಕ್ಕೆ ಆ ತೆಳ್ಳನೆಯ ಲಾಗ್ ಪುಸ್ತಕವೇ ಗತಿ, ಅಲ್ಲೇನ್ರಿ?

ನಿಮ್ಮ ಹುಡುಗಿ ಸಂಜೆ ಹೊತ್ತು ಮಾಳಿಗೆಯ ಮೇಲೆ ಅಡ್ಡಾಡುತ್ತ ಓದುವುದು ನಮ್ಮ ಹಿತ್ತಲಿಗೆ ಚಲೋತ್ನಾಗಿ ಕೇಳಿಸುತ್ತದೆ. ‘ಲಾಗ್ ಎ ಪ್ಲಸ್ ಲಾಗ್ ಬಿ ಅಂದ್ರ ಲಾಗ್ ಎ ಇಂಟು ಬಿ. ಲಾಗ್ ಎ ಮೈನಸ್ ಲಾಗ್ ಬಿ ಅಂದ್ರ ಲಾಗ್ ಎ ಬೈ ಬಿ. ಎನ್ ಲಾಗ್ ಎ ಅಂದ್ರ ಲಾಗ್ ಎ ಪವರ್ ಎನ್.’ ಥೇಟ್ ಮಗ್ಗಿಯ ಧಾಟಿ. ‘ಹಂಗಾದ್ರ ಲಾಗ್ ಎಂಟು ಪ್ಲಸ್ ಲಾಗ್ ನಾಕು ಎಷ್ಟವಾ?’ ಅಂತ ಗೋಡೆಯ ಈಚೆಯಿಂದ ಕೇಳಿದೆ. ‘ಲಾಗ್ ಹನ್ನೆರಡು ಕಾಕಾ’ ಅಂದಳು. ಮರುಗಳಿಗೆಗೇ ನಾಲಿಗೆ ಕಚ್ಚಿಕೊಂಡು, ‘ಅಲ್ಲಲ್ಲ, ಮೂವತ್ತೆರಡು’ ಅಂತ ತಿದ್ದಿಕೊಂಡಳು. ಜಾಣಿ ಇದ್ದಾಳೆ. ಆದರೆ ಆ ಹನ್ನೆರಡು ಯಾಕೆ ಬಾಯಿಗೆ ಮೊದಲು ಬಂತು ಅನ್ನೋದರ ಮೇಲೆ ನನ್ನ ಮನಸ್ಸು ನಿಂತುಬಿಟ್ಟಿದೆ. ಅವಳೊಬ್ಬಳದಲ್ಲ, ಲಾಗ್ ಕಲಿಯುವ ಎಲ್ಲರ ಬಾಯಲ್ಲೂ ಮೊದಲು ಬರೋದು ಅದೇ ಹನ್ನೆರಡು.

ನಿಯಮ ಮೂರೇ ಇದ್ದಾವೆ, ಅವು ಎಲ್ಲರಿಗೂ ಗೊತ್ತು. ಬಿಡಿ ಬಿಡಿ ಲಾಗುಗಳನ್ನು ಒಂದೇ ಲಾಗಿನೊಳಗೆ ಕೂಡಿಹಾಕೋದು ಅಂದರೆ ಏನು ಮಹಾ? ಎರಡು ಸಲ ಲಾಗ್ 3, ಅದಕ್ಕೆ ಲಾಗ್ 4 ಕೂಡಿಸಿ ಲಾಗ್ 6 ಕಳೆಯಿರಿ ಅಂದರೆ, ಒಂಬತ್ತನ್ನು ನಾಲ್ಕರಿಂದ ಗುಣಿಸಿ ಆರರಿಂದ ಭಾಗಿಸಿದರೆ ಆಯಿತು, ಲಾಗ್ 6. ಅಷ್ಟೇ. ಆದರೆ ಸೂತ್ರ ಬಾಯಿಗೆ ಬಂದಷ್ಟು ಸಲೀಸಾಗಿ ಅದರ ಒಳಗಿನ ಸಂಗತಿ ತಲೆಗೆ ಇಳಿಯೋದಿಲ್ಲ. ಹೊರಗೆ ಕೂಡಿಸುವ ಚಿಹ್ನೆ ಕಾಣುತ್ತದೆ, ಕೈ ತಾನಾಗಿಯೇ ಒಳಗಿನ ಸಂಖ್ಯೆಗಳನ್ನೂ ಕೂಡಿಸುತ್ತದೆ. ಕೈಗೆ ಬಿದ್ದ ರೂಢಿ ಅದು, ಹೌದಿಲ್ಲೋ?

ಇದಕ್ಕೆ ಮದ್ದು ನಮ್ಮ ಊರಿನ ಹೆಸರಿನ ಜತೆ ತಳಕು ಹಾಕಿಕೊಂಡ ಪುಸ್ತಕದಲ್ಲೇ ಇದೆ ನೋಡ್ರಿ. ಭಾಸ್ಕರಾಚಾರ್ಯರ ‘ಲೀಲಾವತಿ’. ಅವರು 1114ರಲ್ಲಿ ಹುಟ್ಟಿದವರು, 1150ರಲ್ಲಿ ‘ಸಿದ್ಧಾಂತ ಶಿರೋಮಣಿ’ ಮುಗಿಸಿದರು. ಲೀಲಾವತಿ ಅದರದೇ ಭಾಗ. ತಮ್ಮ ಊರು ವಿಜ್ಜಡವಿಡ ಅಂತ ಬರೆದುಕೊಂಡಿದ್ದಾರೆ. ಅದು ನಮ್ಮ ಬಿಜಾಪುರವೇ ಅಂತ ನಾವು ಎದೆ ತಟ್ಟಿ ಹೇಳುತ್ತೇವೆ. ಚಾಳಿಸಗಾಂವ ಹತ್ತಿರದ ಪಾಟಣದವರು ತಮ್ಮಲ್ಲಿ ಅವರ ಮೊಮ್ಮಗನ ಶಾಸನ ಇದೆ, ಅವರು ನಮ್ಮವರು ಅಂತಾರೆ. ಆ ಜಗಳ ಇದ್ದದ್ದೇ, ಇರಲಿ ಬಿಡ್ರಿ. ಲೆಕ್ಕ ಮಾತ್ರ ಇಬ್ಬರದೂ.

ಆ ಪುಸ್ತಕದಲ್ಲಿ ಗುಣಾಕಾರಕ್ಕೆ ಕೊಟ್ಟ ಉದಾಹರಣೆ 135 ಗುಣಿಸು 12. ಒಂದೇ ಲೆಕ್ಕಕ್ಕೆ ಆಚಾರ್ಯರು ಹಲವು ದಾರಿ ತೋರಿಸುತ್ತಾರೆ. ಅದರಲ್ಲಿ ಎರಡು ನನಗೆ ಬಹಳ ಇಷ್ಟ. ಒಂದು, ಹನ್ನೆರಡನ್ನು ಎಂಟು ಮತ್ತು ನಾಲ್ಕು ಅಂತ ಒಡೆಯೋದು. 135ನ್ನು ಎಂಟರಿಂದ ಗುಣಿಸಿದರೆ 1080, ನಾಲ್ಕರಿಂದ ಗುಣಿಸಿದರೆ 540, ಎರಡನ್ನೂ ಕೂಡಿಸಿದರೆ 1620. ಇನ್ನೊಂದು, ಹನ್ನೆರಡು ಅಂದರೆ ಮೂರು ನಾಲ್ಕಲೆ ಅಂತ ಹಿಡಿಯೋದು. 135ನ್ನು ಮೂರರಿಂದ ಗುಣಿಸಿದರೆ 405, ಅದನ್ನೇ ಮತ್ತೆ ನಾಲ್ಕರಿಂದ ಗುಣಿಸಿದರೆ 1620. ಎರಡೂ ದಾರಿ ಒಂದೇ ಬಾಗಿಲಿಗೆ ಬಂದು ನಿಂತವು.

ಈಗ ಲಾಗನ್ನು ಕರೆತರೋಣ. ಲಾಗಿಗೆ ಈ ಎರಡು ದಾರಿಯಲ್ಲಿ ಒಂದರ ಗುರುತು ಮಾತ್ರ ಇದೆ. ಹನ್ನೆರಡನ್ನು ಮೂರು ನಾಲ್ಕಲೆ ಅಂದಿರೋ, ಲಾಗ್ 3 ಪ್ಲಸ್ ಲಾಗ್ 4 ಸೇರಿ ಲಾಗ್ 12 ಆಗುತ್ತದೆ. ಹನ್ನೆರಡು ಅಂದರೆ ಎಂಟು ಮತ್ತು ನಾಲ್ಕು ಅಂದಿರೋ, ಲಾಗು ಮಾತಾಡೋದಿಲ್ಲ; ಲಾಗ್ 8 ಪ್ಲಸ್ ಲಾಗ್ 4 ಅಂತ ಬರೆದರೆ ಅದು ಸೀದಾ ಮೂವತ್ತೆರಡಕ್ಕೆ ಹೋಗಿಬಿಡುತ್ತದೆ. ಭಾಸ್ಕರಾಚಾರ್ಯರ ಕಾಲಕ್ಕೆ ಲಾಗ್ ಟೇಬಲ್ ಇರಲಿಲ್ಲ. ಆದರೂ ಅವರು ಅಕ್ಕಪಕ್ಕ ಇಟ್ಟು ತೋರಿಸಿದ ಈ ಎರಡು ದಾರಿಗಳ ಫರಕು ಹುಡುಗರಿಗೆ ಒಮ್ಮೆ ಮನದಟ್ಟಾದರೆ ‘ಲಾಗ್ ಹನ್ನೆರಡು’ ಅನ್ನುವ ಮಾತು ಬಾಯಿಗೆ ಬರೋದೇ ನಿಲ್ಲುತ್ತದೆ ಅಂತ ನನ್ನ ಗಟ್ಟಿ ನಂಬಿಕೆ. ಲಾಗಿಗೆ ಬರೋದು ಗುಣಾಕಾರ ಒಂದೇ ಕಣ್ರಿ. ಕೂಡಿಸಿ ಮಾಡಿದ ಸಂಖ್ಯೆಯನ್ನು ಅದರ ಮುಂದಿಟ್ಟರೆ ಅದಕ್ಕೆ ಬಿಡಿಸಲು ಬರೋದಿಲ್ಲ.

ಅದೇ 135 ಗುಣಿಸು 12ನ್ನು ಕ್ಲಾರ್ಕ್ ಟೇಬಲಿನಲ್ಲಿ ಹುಡುಕುವುದೂ ಒಂದು ಮಜಾ. 135ಕ್ಕೆ 2.1303. 12ಕ್ಕೆ 1.0792. ಕೂಡಿಸಿದರೆ 3.2095. ಈಗ ಆಂಟಿಲಾಗಿನ ಪುಟ ತೆರೆಯಿರಿ. ಎಡಗಡೆ .20ರ ಸಾಲು, ಮೇಲೆ 9ರ ಕೆಳಗೆ ಬೆರಳಿಟ್ಟರೆ 1618 ಸಿಗುತ್ತದೆ. ಉಳಿದ 5ಕ್ಕೆ ಬಲಗಡೆಯ ಸಣ್ಣ ಕಾಲಂನಲ್ಲಿ 2. ಕೂಡಿಸಿದರೆ 1620. ಎಂಟುನೂರು ವರ್ಷಗಳ ಮೇಲಿನ ಲೆಕ್ಕ ನಾಲ್ಕಂಕಿಯ ಟೇಬಲಿನಲ್ಲಿ ಒಂದಂಕಿಯೂ ಆಚೀಚೆ ಆಗದೆ ಬಂದು ಕೂಡುವುದನ್ನು ನೋಡಿದರೆ ಎದೆ ತುಂಬಿ ಬರುತ್ತದೆ, ಏನಂತೀರಿ?

ಹೋಗಲಿ, ಲಾಗು ಗುಣಾಕಾರಕ್ಕೇ ಯಾಕೆ ಒಲಿಯಿತು? ಅದಕ್ಕೆ ಇನ್ನೂ ಮುನ್ನೂರು ವರ್ಷ ಹಿಂದಕ್ಕೆ ಹೋಗಬೇಕು. ರಾಷ್ಟ್ರಕೂಟರ ಕಾಲ, ನೃಪತುಂಗ ಅಮೋಘವರ್ಷನ ಪಟ್ಟವಾಗಿ ಎರಡು ವರ್ಷ ಆಗಿತ್ತು. 816ರಲ್ಲಿ ವೀರಸೇನಾಚಾರ್ಯರು ಜೈನರ ‘ಷಟ್ಖಂಡಾಗಮ’ಕ್ಕೆ ‘ಧವಲಾ’ ಅನ್ನುವ ದೊಡ್ಡ ಟೀಕೆ ಬರೆದು ಮುಗಿಸಿದರು. ಅದರಲ್ಲಿ ಅರ್ಧಚ್ಛೇದ ಅನ್ನುವ ಒಂದು ಎಣಿಕೆ ಬರುತ್ತದೆ. ಒಂದು ಸಂಖ್ಯೆಯನ್ನು ಎಷ್ಟು ಸಲ ಅರ್ಧ ಮಾಡಿದರೆ ಒಂದಕ್ಕೆ ಬಂದು ನಿಲ್ಲುತ್ತದೆ ಅನ್ನುವುದನ್ನು ಎಣಿಸೋದು. ಎಂಟನ್ನು ತಗೊಳ್ಳಿ. ನಾಲ್ಕು, ಎರಡು, ಒಂದು. ಮೂರು ಸಲ. ಮೂವತ್ತೆರಡನ್ನು ತಗೊಳ್ಳಿ. ಹದಿನಾರು, ಎಂಟು, ನಾಲ್ಕು, ಎರಡು, ಒಂದು. ಐದು ಸಲ. ಇನ್ನು ಎಂಟನ್ನು ಮೂವತ್ತೆರಡರಿಂದ ಗುಣಿಸಿದರೆ 256. ಅದನ್ನು ಅರ್ಧ ಮಾಡುತ್ತ ಹೋದರೆ? ಎಂಟು ಸಲ. ಮೂರು ಮತ್ತು ಐದು ಎಂಟು! ಗುಣಲಬ್ಧದ ಅರ್ಧಚ್ಛೇದ ಅಂದರೆ ಅರ್ಧಚ್ಛೇದಗಳ ಮೊತ್ತ, ಭಾಗಲಬ್ಧದ್ದು ಅವುಗಳ ವ್ಯತ್ಯಾಸ. ನಿಮ್ಮ ಹುಡುಗಿ ಮಾಳಿಗೆಯ ಮೇಲೆ ಹೇಳುತ್ತಿದ್ದ ನಿಯಮಗಳು ಅಲ್ಲಿ ಸಿದ್ಧವಾಗಿ ಕೂತಿದ್ದಾವೆ. ಮೂರರಿಂದ ಕತ್ತರಿಸುವ ಎಣಿಕೆ, ನಾಲ್ಕರಿಂದ ಕತ್ತರಿಸುವ ಎಣಿಕೆ ಕೂಡ ಅವರಲ್ಲಿ ಇದ್ದವು. ಇವತ್ತಿನ ಮಾತಿನಲ್ಲಿ ಬೇಸ್ ಎರಡು, ಬೇಸ್ ಮೂರು, ಬೇಸ್ ನಾಲ್ಕು.

ಅವರಿಗೆ ಇದು ಯಾಕೆ ಬೇಕಾಗಿತ್ತು ಅನ್ನೋದು ಇನ್ನೂ ಸ್ವಾರಸ್ಯ. ಟೇಬಲ್ ಮಾಡಿ ಗುಣಾಕಾರ ಹಗುರ ಮಾಡಿಕೊಳ್ಳೋದು ಅವರ ಉದ್ದೇಶ ಆಗಿರಲಿಲ್ಲ. ಜೈನರ ಲೋಕವರ್ಣನೆಯಲ್ಲಿ ನಡುವೆ ಜಂಬೂದ್ವೀಪ, ಅದರ ಅಡ್ಡಗಲ ಒಂದು ಲಕ್ಷ ಯೋಜನ. ಅದನ್ನು ಸುತ್ತಿದ ಸಮುದ್ರ ಅದರ ಎರಡರಷ್ಟು ಅಗಲ, ಅದರಾಚೆಯ ದ್ವೀಪ ಮತ್ತೆ ಎರಡರಷ್ಟು, ಹೀಗೇ ದ್ವೀಪ ಸಮುದ್ರ ದ್ವೀಪ ಸಮುದ್ರ. ಇಮ್ಮಡಿಯಾಗುತ್ತಲೇ ಹೋಗುವ ಲೋಕವನ್ನು ಅಳೆಯಬೇಕಾದರೆ ಅರ್ಧ ಮಾಡುತ್ತ ಎಣಿಸೋದೇ ಸಹಜ ದಾರಿ, ಅಲ್ವಾ? ಧವಲಾದ ಹಳೆಯ ತಾಳೆಗರಿಗಳು ಉಳಿದಿರೋದು ನಮ್ಮ ಮೂಡುಬಿದಿರೆಯಲ್ಲಿ. ಭಾಷೆ ಪ್ರಾಕೃತ, ನಡುನಡುವೆ ಸಂಸ್ಕೃತ. ಲಿಪಿ ಮಾತ್ರ ಹಳಗನ್ನಡದ್ದು. ಎಷ್ಟೋ ತಲೆಮಾರು ಬಸದಿಯೊಳಗೆ ಪೂಜೆಗೊಳ್ಳುತ್ತಿದ್ದ ಆ ಗ್ರಂಥ ಹೀರಾಲಾಲ ಜೈನರ ಸಂಪಾದನೆಯಲ್ಲಿ 1939ರಿಂದ ಅಚ್ಚಾಗತೊಡಗಿತು. ಗಣಿತದ ಇತಿಹಾಸ ಬರೆದ ಅವಧೇಶ ನಾರಾಯಣ ಸಿಂಗ್ ಅವರು ಅದರಲ್ಲಿನ ಗಣಿತವನ್ನು ಎತ್ತಿ ತೋರಿಸಿದರು. ಕನ್ನಡದ ಅಕ್ಷರಗಳೊಳಗೆ ಕೂತು ಈ ನಿಯಮ ಇಷ್ಟು ಕಾಲ ಕಾಯ್ದುಕೊಂಡಿತ್ತು ಅಂದರೆ ಅದನ್ನು ನಮ್ಮ ಮಕ್ಕಳಿಗೆ ಹೇಳದೇ ಇರೋದು ಹೇಗೆ?

ಯುರೋಪಿನಲ್ಲಿ ಲಾಗ್ ಹುಟ್ಟಿದ್ದು 1614ರಲ್ಲಿ, ಜಾನ್ ನೇಪಿಯರನ ಪುಸ್ತಕದಿಂದ. ಆಗ ನಮ್ಮ ಊರಿನ ಗಾದಿಯ ಮೇಲೆ ಎರಡನೆಯ ಇಬ್ರಾಹಿಂ ಆದಿಲ್‌ಶಾಹ. ನೇಪಿಯರನ ಲಾಗುಗಳಲ್ಲಿ ಒಂದು ತೊಡಕಿತ್ತು. ಒಂದರ ಲಾಗ್ ಸೊನ್ನೆ ಆಗಿರಲಿಲ್ಲ. ಹಾಗಾಗಿ ಎರಡು ಲಾಗ್ ಕೂಡಿಸಿದಾಗ ಉತ್ತರಕ್ಕೆ ಇನ್ನೊಂದು ಸಂಖ್ಯೆಯ ಬಾಲ ಅಂಟಿಕೊಂಡು ಬರುತ್ತಿತ್ತು. 1615ರಲ್ಲಿ ಹೆನ್ರಿ ಬ್ರಿಗ್ಸ್ ಲಂಡನ್ನಿನಿಂದ ಎಡಿನ್‌ಬರೋಕ್ಕೆ ಆತನನ್ನು ಕಾಣಲು ಹೋದ. ಇಬ್ಬರೂ ಕಾಲು ತಾಸು ಮಾತಿಲ್ಲದೆ ಒಬ್ಬರ ಮುಖ ಒಬ್ಬರು ನೋಡುತ್ತ ನಿಂತಿದ್ದರು ಅಂತ ಒಂದು ಕಥೆ ಉಂಟು. ಆಮೇಲೆ ಮಾತಿಗೆ ಮಾತು ಬೆಳೆದು, ಒಂದರ ಲಾಗ್ ಸೊನ್ನೆ ಇಟ್ಟುಬಿಡೋಣ ಅಂತ ಇಬ್ಬರೂ ಒಪ್ಪಿದರು. ಅಲ್ಲಿಗೆ ಬಾಲ ಕಳಚಿ ಬಿತ್ತು. ಇವತ್ತು ನಿಮ್ಮ ಹುಡುಗಿಗೆ ನಿಯಮ ಇಷ್ಟು ಸಲೀಸು ಆಗಿರೋದು ಆ ಇಬ್ಬರು ಕೂತು ಮಾತಾಡಿದ್ದರಿಂದ. ಬ್ರಿಗ್ಸ್ 1624ರಲ್ಲಿ 30,000 ಸಂಖ್ಯೆಗಳ ಲಾಗನ್ನು ಹದಿನಾಲ್ಕು ದಶಮಾಂಶ ಸ್ಥಾನಗಳತನಕ ಕೈಯಿಂದಲೇ ಲೆಕ್ಕ ಹಾಕಿ ಅಚ್ಚು ಹಾಕಿಸಿದ. ಆ ತಾಳ್ಮೆಗೆ ಕೈಮುಗಿಯಬೇಕು.

ಇಬ್ರಾಹಿಂನ ಹೆಸರು ಬಂತಲ್ಲ, ತೊರವಿ ನೆನಪಾಯಿತು. ಟಿಕೋಟಾ ಕಡೆ ಹೋಗುವಾಗ ದಾರಿಯಲ್ಲಿ ಸಿಗುತ್ತದಲ್ಲ, ಅಲ್ಲೇ ಆತ ನೌರಸಪುರ ಅಂತ ಹೊಸ ಊರು ಕಟ್ಟಿಸಲು ಹೊರಟಿದ್ದ. ಸಂಗೀತ ಮಹಲಿನ ಪಾಳು ಗೋಡೆಗಳು ಇನ್ನೂ ನಿಂತಿದ್ದಾವೆ. ಸಣ್ಣವನಿದ್ದಾಗ ಸೋದರಮಾವನ ಸೈಕಲ್ಲಿನ ಮುಂದಿನ ಡಂಡಿಯ ಮೇಲೆ ಕೂತು ಅಲ್ಲಿಗೆ ಹೋಗುತ್ತಿದ್ದೆ. ಮಾವನಿಗೆ ಹಾರ್ಮೋನಿಯಂ ಬರುತ್ತಿತ್ತು, ಲೆಕ್ಕವೂ ಬರುತ್ತಿತ್ತು. ಆ ಕಮಾನುಗಳ ಕೆಳಗೆ ನಿಂತು ‘ಸಾ’ ಹಿಡಿದು, ಅಲ್ಲಿಂದ ‘ಪಾ’ಕ್ಕೆ ಹೋಗಿ, ಅಲ್ಲಿಂದ ಮೇಲಿನ ‘ಸಾ’ಕ್ಕೆ ಏರಿ, ‘ಈ ಎರಡು ಹೆಜ್ಜಿ ಕೂಡಿದ್ರ ಒಂದು ಸಪ್ತಕ ಆತು ನೋಡು’ ಅನ್ನುತ್ತಿದ್ದ.

ಆ ಹೆಜ್ಜೆಗಳ ಒಳಗೆ ಇರೋದೂ ಲಾಗೇ ಕಣ್ರಿ. ‘ಸಾ’ದಿಂದ ‘ಪಾ’ಕ್ಕೆ ಕಂಪನ ಒಂದೂವರೆ ಪಟ್ಟು. ‘ಪಾ’ದಿಂದ ಮೇಲಿನ ‘ಸಾ’ಕ್ಕೆ ಮೂರಕ್ಕೆ ನಾಲ್ಕರಷ್ಟು, ಅಂದರೆ ಒಂದು ಮತ್ತು ಮೂರನೆಯ ಒಂದು ಪಟ್ಟು. ಗುಣಿಸಿದರೆ ಸರಿಯಾಗಿ ಎರಡು. ಕಿವಿ ಮಾತ್ರ ಗುಣಿಸೋದಿಲ್ಲ, ಒಂದು ಹೆಜ್ಜೆಗೆ ಇನ್ನೊಂದು ಹೆಜ್ಜೆ ಕೂಡಿಸುತ್ತ ಹೋಗುತ್ತದೆ. ಟೇಬಲ್ ತೆಗೆದು ನೋಡಿದರೆ ಮೊದಲನೆಯದಕ್ಕೆ 0.1761, ಎರಡನೆಯದಕ್ಕೆ 0.1249, ಕೂಡಿಸಿದರೆ 0.3010. ಅದು ಎರಡರ ಲಾಗ್. ತಂಬೂರಿಯ ಮುಂದೆ ಕೂತವರು ದಿನಾ ಈ ನಿಯಮವನ್ನು ಕಿವಿಯಿಂದಲೇ ಪಾಲಿಸುತ್ತಾರೆ. ಇಬ್ರಾಹಿಂನ ಊರು ಪಾಳು ಬಿತ್ತು. ಆ 3:2, 4:3 ಮಾತ್ರ ಯಾವ ಕಾಲಕ್ಕೂ ಹಾಳಾಗೋದಿಲ್ಲ.

ಅದೇ ಮಾವ ಮುಂದೆ ಆಲಮಟ್ಟಿಯ ಕೆಲಸದ ಮೇಲೆ ಇದ್ದ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಗಳು ಅಡಿಗಲ್ಲು ಇಟ್ಟ ಅಣೆಕಟ್ಟು ಅದು. ಎಂಜಿನಿಯರರ ಕಿಸೆಯಲ್ಲಿ ಸ್ಲೈಡ್ ರೂಲ್ ಇರುತ್ತಿದ್ದ ಕಾಲ. ಮಾವನ ಹತ್ತಿರವೂ ಒಂದಿತ್ತು, ಹಳದಿ ಬಣ್ಣಕ್ಕೆ ತಿರುಗಿದ್ದು. ಎರಡು ಪಟ್ಟಿ, ನಡುವೆ ಸರಿದಾಡುವ ನಾಲಿಗೆ. ಪಟ್ಟಿಯ ಮೇಲಿನ ಗೆರೆಗಳು ಸಮ ಅಂತರದಲ್ಲಿ ಇರೋದಿಲ್ಲ. ಒಂದರಿಂದ ಎರಡಕ್ಕೆ ಇರುವಷ್ಟೇ ದೂರ ಎರಡರಿಂದ ನಾಲ್ಕಕ್ಕೆ, ಅಷ್ಟೇ ದೂರ ನಾಲ್ಕರಿಂದ ಎಂಟಕ್ಕೆ. ಕೆಳಗಿನ ಪಟ್ಟಿಯ 2ರ ಮೇಲೆ ನಾಲಿಗೆಯ 1ನ್ನು ಕೂರಿಸಿ, ನಾಲಿಗೆಯ 3ರ ಕೆಳಗೆ ನೋಡಿದರೆ 6 ಕಾಣುತ್ತದೆ. ಉದ್ದಕ್ಕೆ ಉದ್ದ ಜೋಡಿಸಿದಿರಿ, ಅಲ್ಲಿ ಗುಣಾಕಾರ ಆಗಿ ಕೂತಿತು. ಲಾಗುಗಳನ್ನು ಕೂಡಿಹಾಕೋದು ಅಂದರೇನು ಅಂತ ಯಾರಾದರೂ ಕೇಳಿದರೆ ನಾನು ಸೂತ್ರ ಹೇಳೋದಿಲ್ಲ, ಆ ಪಟ್ಟಿಯನ್ನೇ ಕೈಗೆ ಕೊಡುತ್ತೇನೆ.

ಟೇಬಲಿನಲ್ಲಿ ಒಂದು ಸಣ್ಣ ಚಮತ್ಕಾರ ನೋಡಿದ್ದೀರಾ? 2ಕ್ಕೆ 0.3010, 3ಕ್ಕೆ 0.4771. ಕೂಡಿಸಿದರೆ 0.7781 ಆಗಬೇಕು. 6ರ ಮುಂದೆ ನೋಡಿದರೆ 0.7782 ಅಂತ ಅಚ್ಚಾಗಿದೆ! ಅಚ್ಚಿನ ದೋಷ ಅಲ್ಲ ಅದು. ಐದು ಅಂಕಿ ಹಿಡಿದರೆ 0.30103, 0.47712, ಕೂಡಿಸಿ 0.77815. ಬಿಡಿ ಬಿಡಿಯಾಗಿ ಮೊಟಕು ಮಾಡಿದಾಗ ಇಬ್ಬರೂ ತಂತಮ್ಮ ಚೂರು ಬಿಟ್ಟುಕೊಟ್ಟರು. ಆ ಚೂರುಗಳು ಸೇರಿ ಕೊನೆಯಲ್ಲಿ ಒಂದಂಕಿ ಆದವು. ಅದಕ್ಕೇ ಲೆಕ್ಕದಲ್ಲಿ ಮೊದಲು ಒಂದೇ ಲಾಗ್ ಮಾಡಿಕೊಂಡು ಆಮೇಲೆ ಟೇಬಲ್ ತೆರೆಯೋದು ಒಳ್ಳೇದು ಅಂತ ನಾನು ಹುಡುಗರಿಗೆ ಹೇಳೋದು. ಫಸ್ಟ್ ಆರ್ಡರ್ ರಿಯಾಕ್ಷನ್ನಿನ ಲೆಕ್ಕದಲ್ಲಿ ಮೊದಲಿನ ಪ್ರಮಾಣದ ಲಾಗ್, ಉಳಿದ ಪ್ರಮಾಣದ ಲಾಗ್ ಅಂತ ಎರಡು ಸಲ ಟೇಬಲ್ ನೋಡಿ ಕಳೆಯುವ ಬದಲು, ಒಂದನ್ನು ಇನ್ನೊಂದರಿಂದ ಭಾಗಿಸಿ ಒಂದೇ ಸಲ ನೋಡಿ 2.303ರಿಂದ ಗುಣಿಸಿದರೆ ಹೊತ್ತೂ ಉಳಿಯಿತು, ಕೊನೆಯ ಅಂಕಿಯೂ ಉಳಿಯಿತು.

ಕಳೆಯುವ ನಿಯಮ ಅಂದಾಗ ನಮ್ಮ ಜಿಲ್ಲೆಯವರಿಗೆ ಭೂಕಂಪ ನೆನಪಾಗದೆ ಇರುತ್ತದೆಯೇ? 2021-22ರಲ್ಲಿ ಮೇಲಿಂದ ಮೇಲೆ ನೆಲ ನಡುಗಿ, ಮಂದಿ ರಾತ್ರೋರಾತ್ರಿ ಮನೆ ಬಿಟ್ಟು ಬಯಲಿಗೆ ಬಂದು ಕೂತದ್ದು ಗೊತ್ತಿದ್ದದ್ದೇ. ಆಗ ಎಲ್ಲರ ಬಾಯಲ್ಲೂ ಕಿಲಾರಿಯ ಮಾತು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರ ಕಡೆ ಆದ ಆ ಕಂಪನ ಸುಮಾರು 6.2. ನಮ್ಮಲ್ಲಿ 4.2ರದ್ದು ಒಂದು ಆಯಿತು ಅಂತ ಇಟ್ಟುಕೊಳ್ಳಿ. ‘ಎರಡೇ ಫರಕು’ ಅಂತ ಕೆಲವರು ಹೆದರುತ್ತಾರೆ. ಆದರೆ ಅವು ಲಾಗುಗಳು. ಹೊರಗೆ ಎರಡು ಕಳೆದರೆ ಒಳಗೆ ನೂರರಿಂದ ಭಾಗಿಸಿದ ಹಾಗೆ. ನೆಲದ ಅಲುಗಾಟ ನೂರು ಪಟ್ಟು ಕಡಿಮೆ, ಹೊರಬಿದ್ದ ಶಕ್ತಿ ಸುಮಾರು ಸಾವಿರ ಪಟ್ಟು ಕಡಿಮೆ. ಈ ಒಂದು ನಿಯಮ ಎಲ್ಲರಿಗೂ ಗೊತ್ತಿದ್ದಿದ್ದರೆ ಎಷ್ಟೋ ಮನೆಗಳಲ್ಲಿ ಆ ರಾತ್ರಿಗಳ ದಿಗಿಲು ಅಷ್ಟಾದರೂ ಇಳಿಯುತ್ತಿತ್ತು.

ಜಾತ್ರೆಯ ಸ್ಪೀಕರುಗಳ ಸದ್ದಿಗೂ ಇದೇ ಮಾತು ಒಪ್ಪುತ್ತದೆ. ಒಂದು ಸ್ಪೀಕರ್ 80 ಡೆಸಿಬೆಲ್, ಅದರ ಪಕ್ಕದಲ್ಲಿ ಅಂಥದ್ದೇ ಇನ್ನೊಂದು 80. ಒಟ್ಟು ಎಷ್ಟು? 160 ಅಂದರೆ ಕಿವಿಯ ತಮಟೆಯೇ ಹರಿದುಹೋಗಬೇಕು! ಬರೋದು 83. ಡೆಸಿಬೆಲ್ ಅನ್ನೋದು ಹತ್ತರಿಂದ ಗುಣಿಸಿದ ಲಾಗ್. ಎರಡು ಸ್ಪೀಕರಿನಿಂದ ಸದ್ದಿನ ಶಕ್ತಿ ಎರಡು ಪಟ್ಟು ಆಯಿತು, ಎರಡರ ಲಾಗ್ 0.3010, ಅದರ ಹತ್ತರಷ್ಟು ಅಂದರೆ 3. ಅಷ್ಟೇ ಮೇಲೆ ಬಿತ್ತು. ಅಂಥ ಹತ್ತು ಸ್ಪೀಕರ್ ಸಾಲಾಗಿ ಇಟ್ಟರೆ 90. ಇಲ್ಲಿ ಮಜಾ ಏನಂದರೆ, ಶಕ್ತಿ ಒಳಗೆ ಕೂಡುತ್ತದೆ, ಆದ್ದರಿಂದ ಹೊರಗಿನ ಅಂಕಿಗಳನ್ನು ಸುಮ್ಮನೆ ಕೂಡಿಸಲು ಬರೋದಿಲ್ಲ. ನಿಮ್ಮ ಹುಡುಗಿಯ ಎಂಟು ಮತ್ತು ನಾಲ್ಕಿನ ಲೆಕ್ಕವನ್ನು ತಿರುಗಿಸಿ ಹಾಕಿದರೆ ಇದು. ಶಬ್ದ ಮಾಲಿನ್ಯದ ನಿಯಮಗಳಲ್ಲಿ ಮನೆಗಳಿರುವ ಕಡೆ ಹಗಲಿಗೆ 55, ರಾತ್ರಿಗೆ 45 ಅಂತ ಇದೆ. ಹತ್ತೇ ಅಲ್ಲವೇ ಅಂತ ತೇಲಿಸಬೇಡಿ, ಆ ಹತ್ತರ ಒಳಗೆ ಹತ್ತು ಪಟ್ಟು ಸದ್ದಿನ ಶಕ್ತಿ ಇದೆ.

ಬಬಲೇಶ್ವರದ ನಮ್ಮ ಬೀಗರು ಒಮ್ಮೆ ಬಂದಾಗ ಠೇವಣಿಯ ಮಾತು ತೆಗೆದರು. ಒಣದ್ರಾಕ್ಷಿ ಮಾರಿದ ರೊಕ್ಕ, ನೂರಕ್ಕೆ ಎಂಟರಂತೆ ಚಕ್ರಬಡ್ಡಿಗೆ ಇಟ್ಟರೆ ಎಷ್ಟು ವರ್ಷಕ್ಕೆ ಇಮ್ಮಡಿ ಆಗುತ್ತದೆ ಅಂತ. ಎರಡರ ಲಾಗನ್ನು 1.08ರ ಲಾಗಿನಿಂದ ಭಾಗಿಸಬೇಕು. 0.3010 ಭಾಗಿಸು 0.0334, ಒಂಬತ್ತು ವರ್ಷ. ಅಲ್ಲೇ ಕೂತಿದ್ದ ಅವರ ಮಗ, ‘ಮಾಮಾ, ಲಾಗ್ ಭಾಗಿಸಿದ್ರ ಕಳಿಬೇಕಲ್ಲ?’ ಅಂದ. ಭಾಳ ಚಲೋ ಪ್ರಶ್ನೆ. ಭಾಗಾಕಾರ ಲಾಗಿನ ಒಳಗಿದ್ದರೆ ಹೊರಗೆ ಕಳೆಯೋದು. ಲಾಗನ್ನೇ ಲಾಗಿನಿಂದ ಭಾಗಿಸುವಾಗ ಆ ನಿಯಮಕ್ಕೆ ಇಲ್ಲಿ ಕೆಲಸ ಇಲ್ಲ. ಕಳೆದಿದ್ದರೆ 1.85ರ ಲಾಗ್ ಬರುತ್ತಿತ್ತು, ಅದು ವರ್ಷವೂ ಅಲ್ಲ ರೊಕ್ಕವೂ ಅಲ್ಲ. ಪ್ರತಿ ವರ್ಷ 0.0334 ಸೇರುತ್ತದೆ, ಒಟ್ಟು 0.3010 ಮುಟ್ಟಬೇಕು, ಎಷ್ಟು ಸಲ ಸೇರಿಸಬೇಕು ಅಂತ ಬಿಡಿಸಿ ಹೇಳಿದ ಕೂಡಲೇ ಹುಡುಗ ತಲೆ ಆಡಿಸಿದ. ಮತ್ತೆ ಅದೇ ‘ಎಷ್ಟು ಸಲ’ ನೋಡ್ರಿ, ವೀರಸೇನರದ್ದು.

ಇನ್ನೊಂದು ವಿಚಿತ್ರ ಹೇಳದೆ ಬಿಡಲು ಮನಸ್ಸಿಲ್ಲ. ಲಾಗ್ ಎಕ್ಸ್ ಪ್ಲಸ್ ಲಾಗ್ ಎಕ್ಸ್ ಮೈನಸ್ 3, ಎರಡೂ ಕೂಡಿ 1 ಆಗಬೇಕು ಅಂತ ಒಂದು ಲೆಕ್ಕ ಕೊಡುತ್ತಾರೆ. ಕೂಡಿಹಾಕಿದರೆ ಎಕ್ಸನ್ನು ಎಕ್ಸ್ ಮೈನಸ್ 3ರಿಂದ ಗುಣಿಸಿದರೆ 10. ಬಿಡಿಸಿದರೆ ಎರಡು ಉತ್ತರ, 5 ಮತ್ತು ಮೈನಸ್ 2. ಐದು ಹಾಕಿ ನೋಡಿದರೆ ಲಾಗ್ 5, ಲಾಗ್ 2, 0.6990 ಮತ್ತು 0.3010, ಸರಿಯಾಗಿ ಒಂದು. ಮೈನಸ್ 2 ಹಾಕಿದರೆ? ಒಂದುಗೂಡಿಸಿದ ಲಾಗಿಗೆ ಏನೂ ತಕರಾರಿಲ್ಲ, ಮೈನಸ್ 2 ಮತ್ತು ಮೈನಸ್ 5 ಗುಣಿಸಿದರೆ ಹತ್ತೇ ತಾನೇ. ಆದರೆ ಮೊದಲಿನ ಸಾಲಿಗೆ ಹೋದರೆ ಮೈನಸ್ 2ರ ಲಾಗ್ ಅನ್ನೋದೇ ಇಲ್ಲ. ಕೂಡು ಕುಟುಂಬದ ಲೆಕ್ಕದ ಹಾಗೆ ಇದು: ಒಟ್ಟು ಆದಾಯ ನೋಡಿದರೆ ಎಲ್ಲಾ ನೆಟ್ಟಗಿದೆ ಅನಿಸುತ್ತದೆ, ಒಬ್ಬೊಬ್ಬರನ್ನೇ ಕೂರಿಸಿ ಕೇಳಿದಾಗ ಯಾರ ಕಡೆ ಕೊರತೆ ಇದೆ ಅನ್ನೋದು ತಿಳಿಯುತ್ತದೆ. ಅದಕ್ಕೇ ಉತ್ತರ ಬಂದ ಮೇಲೆ ಮೊದಲಿನ ಬಿಡಿ ಸಾಲಿಗೆ ಹಾಕಿ ನೋಡಬೇಕು, ಕೂಡಿಹಾಕಿದ ಸಾಲಿಗೆ ಅಲ್ಲ.

ಹಾಗಾದರೆ ಲಾಗ್ ಎ ಪ್ಲಸ್ ಲಾಗ್ ಬಿ ಯಾವತ್ತೂ ಲಾಗ್ ಎ ಪ್ಲಸ್ ಬಿ ಆಗೋದೇ ಇಲ್ಲವೇ? ಆಗುತ್ತದೆ! ಅದೇ ನನಗೆ ಎಲ್ಲಕ್ಕಿಂತ ಸೊಗಸು ಅನಿಸೋದು. 2 ಮತ್ತು 2 ತಗೊಳ್ಳಿ. ಕೂಡಿಸಿದರೂ ನಾಲ್ಕು, ಗುಣಿಸಿದರೂ ನಾಲ್ಕು. 3 ತಗೊಂಡರೆ ಅದರ ಜೋಡಿ ದೀಡ. ನಮ್ಮ ಹಿರಿಯರು ಸಾಲಿಯಲ್ಲಿ ಪಾವಕಿ, ನಿಮಕಿ, ಸವಾಯಕಿ, ದೀಡಕಿ ಅಂತ ಮಗ್ಗಿ ಒಪ್ಪಿಸುತ್ತಿದ್ದರಲ್ಲ, ಆ ದೀಡ. ಮೂರು ಮತ್ತು ದೀಡ ಕೂಡಿದರೆ ನಾಲ್ಕೂವರೆ, ಮೂರು ದೀಡಲೆ ಕೂಡ ನಾಲ್ಕೂವರೆ. 5 ತಗೊಂಡರೆ ಅದರ ಜೋಡಿ ಸವಾ, ಅಂದರೆ ಒಂದೂಕಾಲು. ಎರಡೂ ದಾರಿಗೆ 6.25. ಒಂದಕ್ಕಿಂತ ದೊಡ್ಡದಾದ ಯಾವ ಸಂಖ್ಯೆ ಬೇಕಾದರೂ ತಗೊಳ್ಳಿ, ಅದನ್ನು ಅದಕ್ಕಿಂತ ಒಂದು ಕಡಿಮೆ ಇರುವ ಸಂಖ್ಯೆಯಿಂದ ಭಾಗಿಸಿ, ಜೋಡಿ ಸಿಕ್ಕಿತು. ಹೀಗೆ ಹೊಂದುವ ಜೋಡಿಗಳು ಎಣಿಸಲಾರದಷ್ಟು. ಹೊಂದದೇ ಇರುವ ಜೋಡಿಗಳ ಮುಂದೆ ಅವು ಅಪರೂಪ, ಅಷ್ಟೇ.

ನಿಮ್ಮ ಹುಡುಗಿಗೆ ಇನ್ನು ಮೇಲೆ ಸೂತ್ರ ಉರು ಹೊಡೆಯೋದು ಸಾಕು ಅಂತ ಹೇಳ್ರಿ. ಎಂಟನ್ನು, ಮೂವತ್ತೆರಡನ್ನು ಅರ್ಧ ಮಾಡಿ ಮಾಡಿ ಎಣಿಸಲಿ. ಮೂರೂ ನಿಯಮ ತಾವಾಗಿಯೇ ಕೈಗೆ ಬರುತ್ತವೆ, ಬಂದ ಮೇಲೆ ಬಿಟ್ಟು ಹೋಗೋದಿಲ್ಲ. ಬೇಸರ ಬಂದಾಗ ಬಿಡಿಸಲಿಕ್ಕೆ ಒಂದು ಗಂಟನ್ನೂ ಕೊಟ್ಟಿರ್ತೀನಿ. ಸೊನ್ನೆಗಿಂತ ದೊಡ್ಡ ಪೂರ್ಣ ಸಂಖ್ಯೆಗಳೇ ಆಗಬೇಕು, ಕೂಡಿಸಿದರೂ ಗುಣಿಸಿದರೂ ಒಂದೇ ಬರಬೇಕು. ಎರಡು ಸಂಖ್ಯೆಗಳಲ್ಲಿ 2 ಮತ್ತು 2 ಒಂದೇ ಜೋಡಿ. ಮೂರರಲ್ಲಿ 1, 2, 3 ಒಂದೇ. ನಾಲ್ಕರಲ್ಲಿ 1, 1, 2, 4 ಒಂದೇ. ಐದು ಸಂಖ್ಯೆಗಳಿಗೆ ಬಂದರೆ ಮಾತ್ರ ಮೂರು ಬೇರೆ ಬೇರೆ ಗುಂಪು ಸಿಗುತ್ತವೆ. 1, 1, 1, 2, 5 ಒಂದು, ಅದರ ಉತ್ತರ ಹತ್ತು. ಉಳಿದೆರಡನ್ನು ಆಕೆಯೇ ಹುಡುಕಿಕೊಂಡು ಬರಲಿ. ಒಂದು ಸುಳಿವು ಮಾತ್ರ ಹೇಳ್ರಿ: ಒಂದರ ಲಾಗ್ ಸೊನ್ನೆ ಅನ್ನೋದನ್ನ ಮರಿಬ್ಯಾಡ ಅಂತ.